ಎರಡೂ ಕಿವಿ ಕಾಣಲಿ

ಪಾಸ್‌ಪೋರ್ಟ್ ಅಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಬೀದಿಯಲ್ಲಿ ನಿಂತು ಯಾರಾದರೂ ಆ ಹೆಸರು ಕೂಗಿದ್ದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಪಾಸ್‌ಪೋರ್ಟ್ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕ, ಒಂದು ಬಾಗಿಲಿನ ಸ್ಟುಡಿಯೋ ಅವಳದು. ಒಳಗೆ ಕಾಲಿಟ್ಟರೆ ಮೊದಲು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಯಾರೂ ಕದಿಯಬಾರದು ಅಂತ ಕಟ್ಟಿದ್ದಲ್ಲ, ತಲೆ ಬಾಚಿಕೊಂಡು ಮರೆತು ಜೇಬಿಗೆ ಹಾಕಿಕೊಂಡು ಹೋಗುವವರೇ ಜಾಸ್ತಿ ಅಂತ. ಆಮೇಲೆ ಊರವರೆಲ್ಲ ಒಂದಲ್ಲ ಒಂದು ಸಲ ತೊಟ್ಟು ಬಿಚ್ಚಿದ ಕರಿ ಕೋಟು. ಕೊನೆಗೆ ಬಿಳಿ ಪರದೆ, ಅದರ ಮುಂದೆ ತಿರುಗುವ ಸ್ಟೂಲು.

ಸ್ಟೂಲಿನ ಮೇಲೆ ಕೂತವರು ಯಾರೇ ಆಗಲಿ, ಅಕ್ಕನ ಬಾಯಿಂದ ಬರುವ ಮಾತು ಒಂದೇ. "ಗಲ್ಲ ಸ್ವಲ್ಪ ಕೆಳಗೆ. ಭುಜ ಸಮ. ಎರಡೂ ಕಿವಿ ಕಾಣ್ಲಿ. ನಗಬೇಡಿ." ಮದುವೆಯಾಗಿ ವಾರವಾಗಿದ್ದವರೂ ಅವಳ ಸ್ಟೂಲಿನ ಮೇಲೆ ಸಾಲ ತೀರಿಸಲಾಗದವರ ಹಾಗೆ ಕಾಣುತ್ತಿದ್ದರು. ಅದೇ ಬೇಕಿತ್ತು. ಎದುರಿನ ಕಚೇರಿಯವರು ನೆರಳು ಕಂಡರೆ ವಾಪಸ್, ಕೂದಲು ಹುಬ್ಬಿಗೆ ತಾಗಿದರೆ ವಾಪಸ್ ಎನ್ನುವ ಜನ. ಅಂಥವರ ಕೈಯಿಂದ ಅಕ್ಕನ ಒಂದೇ ಒಂದು ಫೋಟೊ ವಾಪಸ್ ಬಂದಿರಲಿಲ್ಲ. ಇದನ್ನು ಅವಳು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಜೆರಾಕ್ಸಿನವನು ಹೇಳುವಾಗ ತಡೆಯುತ್ತಲೂ ಇರಲಿಲ್ಲ.

ಸ್ಟುಡಿಯೋ ಕಟ್ಟಿದವನು ಅವಳ ಅಪ್ಪ. ಶಾಲೆ ಮುಗಿದ ವರ್ಷವೇ ಮಗಳ ಕೈಗೆ ಕ್ಯಾಮೆರಾ ಕೊಟ್ಟ, ಆದರೆ ಹೊಸಿಲು ದಾಟಿಸಲಿಲ್ಲ. "ನಿಂದು ಒಳಗಿನ ಕೆಲಸ. ಹೊರಗಿಂದು ನಾನು, ನನ್ನ ನಂತರ ತಮ್ಮ" ಅಂದ. ಅಪ್ಪ ತೆಗೆದ ಬೆಟ್ಟ, ಹೊಳೆ, ಮಂಜು, ತಮ್ಮ ತೆಗೆದ ಮದುವೆಮನೆಗಳು, ಎಲ್ಲವೂ ಚೌಕಟ್ಟು ಹಾಕಿಸಿಕೊಂಡು ಗೋಡೆ ಏರಿದವು. ಅಪ್ಪ ತೀರಿಕೊಂಡ. ತಮ್ಮ ಕ್ಯಾಮೆರಾ ಬಿಟ್ಟು ಟೈಲ್ಸ್ ಅಂಗಡಿ ಇಟ್ಟು ಹೊಟ್ಟೆ ಬೆಳೆಸಿದ. ಅವನ ಫೋಟೊಗಳು ಮಾತ್ರ ಇವತ್ತಿಗೂ ಗೋಡೆಯ ಮೇಲೆ, ಅದೂ ಸೊಟ್ಟಗೆ. ಅಕ್ಕ ತೆಗೆದ ಮುಖಗಳಿಗೆ ಲೆಕ್ಕವಿಲ್ಲ. ಅವೆಲ್ಲ ಅರ್ಜಿಯ ಮೂಲೆಯಲ್ಲಿ, ಪರ್ಸಿನ ಒಳಪದರದಲ್ಲಿ, ಸೀಲಿನ ಮಸಿಯ ಕೆಳಗೆ ಬದುಕಿದವು. ಒಂದಾದರೂ ಗೋಡೆ ಕಂಡಿರಲಿಲ್ಲ.

"ನಿಮ್ದೇ ಅಂಗಡಿ, ನಿಮ್ದೇ ಮೊಳೆ. ಒಂದು ಹೊಡೆದು ಹಾಕ್ಕೊಳ್ಳಿ ಅತ್ತೆ" ಅಂದಳು ಒಂದು ದಿನ ತಮ್ಮನ ಮಗಳು.

"ನಾನೇ ಹಾಕ್ಕೊಂಡ್ರೆ ಅದು ಲೆಕ್ಕಕ್ಕಿಲ್ಲ ಕಣೆ. ನಾನು ತೆಗೆದದ್ದನ್ನ ಬೇರೆ ಯಾರಾದ್ರೂ ಗೋಡೆಗೆ ಹಾಕ್ಬೇಕು. ಒಂದೇ ಸಾಕು. ಆಮೇಲೆ ನನ್ನ ಬಾಯಿಗೆ ಬೀಗ."

ಅತ್ತೆಯ ಬಾಯಿಗೆ ಬೀಗ ಬೀಳುವುದು ಯಾವ ಕಾಲಕ್ಕೂ ಸಾಧ್ಯವಿಲ್ಲ ಅಂತ ಸೋದರ ಸೊಸೆಗೆ ಗೊತ್ತಿತ್ತು. ಆದರೆ ಆ ಮಾತು ಅವಳ ಮನಸ್ಸಿಗೆ ನಾಟಿತು. ಅವಳ ಕಾಲೇಜಿನಲ್ಲಿ ಸಂಜೆ ಹೊತ್ತು ಫೋಟೊಗ್ರಫಿ ತರಗತಿ ಶುರುವಾಗಿತ್ತು, ಯಾರು ಬೇಕಾದರೂ ಸೇರಬಹುದಿತ್ತು. ಕೊನೆಯಲ್ಲಿ ಲೈಬ್ರರಿಯ ಉದ್ದನೆಯ ಗೋಡೆಯ ಮೇಲೆ ಪ್ರದರ್ಶನ. ಸೊಸೆ ಅತ್ತೆಯನ್ನು ಕೇಳದೆಯೇ ಇಬ್ಬರ ಹೆಸರೂ ಬರೆಸಿ ಬಂದಳು. ಅಕ್ಕ ಬೈದಳು, ಮೂಗು ಮುರಿದಳು, ಈ ವಯಸ್ಸಿನಲ್ಲಿ ಬೇಕಾ ಅಂದಳು. ಆದರೆ ಸಂಜೆ ಆಗುವ ಮುಂಚೆಯೇ ಕ್ಯಾಮೆರಾ ಒರೆಸಿ ಇಟ್ಟಿದ್ದಳು.

ಕಲಿಸುವ ಮೇಡಂ ಅಕ್ಕನಿಗೆ ಮಗಳಾಗುವಷ್ಟು ಚಿಕ್ಕವಳು. ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದಳು. "ಗೋಡೆ ಉದ್ದ ಇದೆ, ಆದ್ರೆ ಎಲ್ಲರದ್ದೂ ಹಾಕಲ್ಲ. ನೋಡೋಕೆ ಕಲಿತವರದ್ದು ಮಾತ್ರ ಹಾಕ್ತೀನಿ. ನಾಲ್ಕು ಕೆಲಸ ಕೊಡ್ತೀನಿ. ನಾಲ್ಕರಲ್ಲಿ ಒಂದಾದ್ರೂ ನನ್ನ ಹಿಡಿದು ನಿಲ್ಲಿಸಬೇಕು, ಮುಂದಿನದಕ್ಕೆ ಹೋಗೋಕೆ ಬಿಡಬಾರದು."

ಮೊದಲ ಕೆಲಸಕ್ಕೆ ತರಗತಿಯ ನಡುವೆ ಒಂದು ಹಳೆಯ ಕುರ್ಚಿ ಇಟ್ಟರು. ಕುರ್ಚಿಯನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಎಲ್ಲರ ಫೋಟೊದಲ್ಲೂ ಅದು ಬೇರೆ ಬೇರೆ ಕುರ್ಚಿಯ ಹಾಗೆ ಕಾಣಬೇಕು. ಹುಡುಗ ಹುಡುಗಿಯರು ನೆಲಕ್ಕೆ ಬಿದ್ದರು, ಮೇಜು ಹತ್ತಿದರು, ಒಬ್ಬ ಕಿಟಕಿಯ ಹೊರಗೆ ಹೋಗಿ ಗಾಜಿನ ಮೂಲಕ ತೆಗೆದ. ಅಕ್ಕ ಕುರ್ಚಿಯ ಎದುರು ನೇರವಾಗಿ ನಿಂತಳು. ಹಿಂದುಗಡೆ ಕಪಾಟು ಕಂಡಿತು, ಅವಳಿಗೆ ಹಿಂಸೆಯಾಯಿತು. ಸೊಸೆಯ ಬಿಳಿ ದುಪಟ್ಟಾ ಇಸಿದುಕೊಂಡು ಕಪಾಟಿಗೆ ಹೊದಿಸಿ, ಕುರ್ಚಿಯ ಎರಡೂ ಕೈ ಸಮ ಮಾಡಿಕೊಂಡು, ನಾಲ್ಕೂ ಕಾಲು ಕಾಣುವ ಹಾಗೆ ತೆಗೆದಳು.

ಗೋಡೆಯ ಪರದೆಯ ಮೇಲೆ ಆ ಫೋಟೊ ಬಂದಾಗ ತರಗತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. "ಅತ್ತೆ, ಕುರ್ಚಿ ಯಾವ ದೇಶಕ್ಕೆ ಹೊರಟಿದೆ?" ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಸೊಸೆ ಅತ್ತೆ ಅಂತ ಕರೆದದ್ದೇ ತಡ, ಇಡೀ ತರಗತಿಗೆ ಅವಳು ಅತ್ತೆಯಾಗಿಬಿಟ್ಟಿದ್ದಳು. ಅಕ್ಕನೂ ನಕ್ಕಳು. ನಕ್ಕು ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತಳು. ಗೋಡೆ ಕೈತಪ್ಪಿ ಹೋಗುತ್ತದೆ ಅನ್ನುವ ಭಯ ಅವತ್ತೇ ಶುರುವಾಯಿತು.

ಎರಡನೆಯ ಕೆಲಸಕ್ಕೆ ಕ್ಯಾಮೆರಾವೇ ಬೇಡ ಅಂದಳು ಮೇಡಂ. ಒಂದು ರಟ್ಟಿನಲ್ಲಿ ಕಿಟಕಿ ಕತ್ತರಿಸಿಕೊಂಡು, ಅದನ್ನು ಕಣ್ಣಿಗೆ ಹಿಡಿದು, ವಾರವಿಡೀ ಲೋಕ ನೋಡಿಕೊಂಡು ಬರಬೇಕು. ಎಲ್ಲರೂ ಅಂಗೈಯಗಲ ಕತ್ತರಿಸಿದರು. ಅಕ್ಕನ ಕೈ ತನ್ನಷ್ಟಕ್ಕೆ ತಾನೇ ಪಾಸ್‌ಪೋರ್ಟ್ ಅಳತೆಗೆ ಕತ್ತರಿಸಿತ್ತು. ಮೇಡಂ ಅದರೊಳಗಿಂದ ಒಂದು ಕಣ್ಣು ಇಣುಕಿಸಿ, ಬೇರೆ ರಟ್ಟು ಕೊಟ್ಟಳು.

ಆ ದೊಡ್ಡ ಕಿಟಕಿ ಹಿಡಿದುಕೊಂಡು ಹೊರಬಿದ್ದದ್ದೇ ಅಕ್ಕನಿಗೆ ಹುಚ್ಚು ಹಿಡಿಯಿತು. ಇಷ್ಟು ವರ್ಷ ಓಡಾಡಿದ ಬೀದಿಯನ್ನು ಯಾರೋ ರಾತ್ರೋರಾತ್ರಿ ಬದಲಾಯಿಸಿಟ್ಟಿದ್ದರು. ಜೆರಾಕ್ಸಿನವನ ಮೊಣಕೈ ಮತ್ತು ಯಂತ್ರದ ಹಸಿರು ಬೆಳಕು, ಅಷ್ಟೇ ಕಿಟಕಿಯೊಳಗೆ ಬಂದರೆ ಏನು ಚೆಂದ! ರಟ್ಟನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಮೊಣಕೈ ಹೋಗಿ ಕಾಯುತ್ತಿರುವವರ ಕಾಲುಗಳ ಸಾಲು. ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳನ್ನೇ ನೋಡುತ್ತಾ ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋದಳು. ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಬಿದ್ದ ಬಲ್ಬಿನ ಬೆಳಕನ್ನು ನೋಡುತ್ತಾ ನಿಂತು, ನೀರು ತಣ್ಣಗಾದ ಮೇಲೆ ಸ್ನಾನ ಮಾಡಿದಳು. ಟೈಲ್ಸ್ ಅಂಗಡಿಗೆ ಹೋಗಿ ತಮ್ಮನ ಹೊಟ್ಟೆಯನ್ನು ರಟ್ಟಿನೊಳಗೆ ಕೂರಿಸಿ ನೋಡಿದಳು.

"ಏನೇ ಅಕ್ಕ, ತಲೆ ಕೆಟ್ಟಿದೆಯಾ?" ಅಂದ ತಮ್ಮ.

"ಅಲ್ಲಾಡಬೇಡ ಕಣೋ. ಮೂರು ಗುಂಡಿ, ಒಂದು ಕಿತ್ತು ಬರೋ ಹಾಗಿದೆ. ಎಷ್ಟು ಚೆನ್ನಾಗಿದೆ ಗೊತ್ತಾ?"

ಕಣ್ಣೇನೋ ತೆರೆಯಿತು, ಕೈ ಮಾತ್ರ ಕೇಳಲಿಲ್ಲ. ಕ್ಯಾಮೆರಾ ಹಿಡಿದದ್ದೇ ಅದು ಹಳೆಯ ಜಾಡಿಗೆ ಬೀಳುತ್ತಿತ್ತು. ಮೂರನೆಯ ಕೆಲಸ ನೆರಳು. ಬರೀ ನೆರಳನ್ನೇ ತೆಗೆಯಬೇಕು. ಅಕ್ಕ ತನ್ನದೇ ನೆರಳನ್ನು ಗೋಡೆಯ ಮೇಲೆ ಬೀಳಿಸಿ ತೆಗೆದಳು, ಸರಿಯಾಗಿ ನಟ್ಟನಡುವೆ. ಕೂದಲನ್ನು ಹಿಂದಕ್ಕೆ ಕಟ್ಟಿದ್ದರಿಂದ ನೆರಳಿಗೂ ಎರಡು ಕಿವಿ ಇದ್ದವು. ಈ ಸಲ ಯಾರೂ ನಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು.

ಉಳಿದದ್ದು ಕೊನೆಯ ಕೆಲಸ. ಮೇಡಂ ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ಒಬ್ಬ ಮನುಷ್ಯನ ಚಿತ್ರ. ಮುಖ ಕಾಣಬಾರದು.

ಅಕ್ಕ ಎದ್ದು ನಿಂತಳು. "ಮುಖ ಇಲ್ದೆ ಯಾರದು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

"ಅದೇ ನಿಮ್ಮ ಕೆಲಸ ಅಕ್ಕ. ಮುಖ ಇಲ್ದೆ ಗೊತ್ತಾಗಬೇಕು."

"ಇದು ರಿಜೆಕ್ಟ್ ಆಗುತ್ತೆ" ಅಂದಳು ಅಕ್ಕ. ತರಗತಿ ಮತ್ತೆ ನಕ್ಕಿತು. ಅವಳು ತಮಾಷೆಗೆ ಹೇಳಿರಲಿಲ್ಲ.

ಆ ವಾರ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಜೆರಾಕ್ಸಿನವನ ಬೆನ್ನು ತೆಗೆಯಲು ಹೋದಳು. ಬೆನ್ನು ಚೆನ್ನಾಗಿತ್ತು, ಬೆವರಿನ ನಕ್ಷೆ ಇತ್ತು. ಆದರೆ ಗುಂಡಿ ಒತ್ತುವ ಹೊತ್ತಿಗೆ ಬಾಯಿ ತಾನಾಗಿ "ಈ ಕಡೆ ನೋಡಿ" ಅಂದುಬಿಟ್ಟಿತು, ಅವನು ತಿರುಗಿಬಿಟ್ಟ. ಸೊಸೆ ಕೂದಲು ಒಣಗಿಸುತ್ತಿದ್ದಳು, ಮುಖ ಪೂರ್ತಿ ಮುಚ್ಚಿತ್ತು. "ಕೂದಲು ಕಿವಿ ಹಿಂದೆ ಹಾಕ್ಕೋ" ಅಂದಳು ಅಕ್ಕ. ಸೊಸೆ ತಲೆ ಮೇಲೆ ಕೈ ಇಟ್ಟುಕೊಂಡು ಕೂತಳು. "ಅತ್ತೆ, ನಿಮ್ಮ ಬಾಯಿಗೆ ಟೇಪ್ ಅಂಟಿಸ್ಕೊಂಡು ತೆಗೀರಿ."

ಇದೇ ಗಡಿಬಿಡಿಯ ನಡುವೆ ಒಂದು ಬೆಳಿಗ್ಗೆ ಸ್ಟುಡಿಯೋಗೆ ಒಬ್ಬ ಎಳೆಯ ತಾಯಿ ಬಂದಳು, ಕಂಕುಳಲ್ಲಿ ಇನ್ನೂ ಕೂರಲು ಬಾರದ ಹೆಣ್ಣುಮಗು. ಗಂಡ ಹಡಗಿನಲ್ಲಿ ಅಡುಗೆಯವನಂತೆ. ಹಡಗು ದುರಸ್ತಿಗೆ ಅಂತ ಬೇರೆ ದೇಶದ ಬಂದರಿನಲ್ಲಿ ನಿಂತಿತ್ತು. ಅವನು ಮಗುವನ್ನು ಇನ್ನೂ ಕಣ್ಣಾರೆ ನೋಡಿರಲಿಲ್ಲ, ಹಡಗು ಹೊರಡುವುದರೊಳಗೆ ಇವರು ಅಲ್ಲಿ ತಲುಪಬೇಕಿತ್ತು.

ಕೂಸಿನ ಫೋಟೊ ತೆಗೆಯುವುದಕ್ಕೆ ಅಪ್ಪನ ಕಾಲದಿಂದ ಒಂದು ಉಪಾಯವಿದೆ. ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಮೊಣಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚುವುದು. ಮಗು ಅವಳ ತೊಡೆಯ ಮೇಲೆ. ಬಟ್ಟೆಯ ಕೆಳಗಿನಿಂದ ತಾಯಿಯ ಎರಡು ಕೈ ಬಂದು ಮಗುವಿನ ಕಂಕುಳು ಹಿಡಿಯುತ್ತವೆ. ಆಮೇಲೆ ಮಗುವಿನ ತಲೆ, ಭುಜ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದರೆ, ಬಿಳಿ ಗೋಡೆಯ ಮುಂದೆ ಮಗು ತಾನೇ ಕೂತ ಹಾಗೆ ಕಾಣುತ್ತದೆ. ಹೀಗೆ ಅಕ್ಕ ಕತ್ತರಿಸಿ ಎಸೆದ ತಾಯಂದಿರು ಎಷ್ಟೋ.

ಅವತ್ತೂ ಹಾಗೇ ತೆಗೆದಳು. ಕಂಪ್ಯೂಟರಿನಲ್ಲಿ ಕತ್ತರಿಸುವಾಗ ನೋಡಿದರೆ, ಮಗುವಿನ ಭುಜದ ಹತ್ತಿರ ತಾಯಿಯ ಬೆರಳಿನ ತುದಿ. ಮಗು ಅದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬೇರೆ ದಿನವಾಗಿದ್ದರೆ ಆ ಬೆರಳು ಒಂದು ಚಿಟಿಕೆಯಲ್ಲಿ ಮಾಯ. ಅವತ್ತು ಅಕ್ಕ ಅದನ್ನೇ ನೋಡುತ್ತಾ ಕೂತಳು. ಉಗುರಿನ ಪಕ್ಕ ಒಂದು ಸಣ್ಣ ಗಾಯ. ಅಳಿಸಲು ಮನಸ್ಸೇ ಬರಲಿಲ್ಲ. ಇಷ್ಟೇ ಇಷ್ಟು ತಾನೇ, ಯಾರು ನೋಡುತ್ತಾರೆ, ಇರಲಿ ಅಂದುಕೊಂಡು ಪ್ರಿಂಟ್ ಕೊಟ್ಟಳು.

ಎರಡು ದಿನ ಬಿಟ್ಟು, ಅಂದರೆ ಕೊನೆಯ ಕೆಲಸ ಒಪ್ಪಿಸಬೇಕಾದ ದಿನವೇ, ಆ ತಾಯಿ ಬಿರುಗಾಳಿಯ ಹಾಗೆ ಒಳಗೆ ಬಂದಳು. ಹೆಗಲಲ್ಲಿ ಚೀಲ ಜಾರುತ್ತಿತ್ತು, ಮಗು ಕೆಂಪಗಾಗಿ ಅಳುತ್ತಿತ್ತು. ಫೋಟೊವನ್ನು ಮೇಜಿನ ಗಾಜಿನ ಮೇಲೆ ಇಟ್ಟಳು. ಬೆರಳಿನ ಸುತ್ತ ಕೆಂಪು ಪೆನ್ನಿನ ಸುತ್ತು.

"ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತಿದ್ದೆ ಅಕ್ಕ. ಮಗು ಜೊತೆ ಬೇರೆಯವರು ಕಾಣ್ತಿದ್ದಾರಂತೆ. ಆಗಲ್ಲ ಅಂದ್ರು. ನಾನು ಬೇರೆಯವಳಾ ಇವಳಿಗೆ?"

ಅಕ್ಕ ಫೋಟೊ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಜೆರಾಕ್ಸಿನವನು ಬಾಗಿಲಲ್ಲಿ ಇಣುಕಿ, "ಅಕ್ಕನ ಫೋಟೊ ವಾಪಸ್ ಬಂತಾ?" ಅಂದ. ಅವನು ಆಡಿಕೊಳ್ಳಲಿಲ್ಲ, ನಿಜವಾಗಿಯೂ ಗಾಬರಿಯಾಗಿದ್ದ. ಅಕ್ಕನಿಗೆ ಮಾನವೆಲ್ಲ ಬೀದಿಗೆ ಬಂದಂತಾಯಿತು. ಈ ತರಗತಿ ನನ್ನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡಿತು, ಹೊಸದನ್ನೂ ಕೊಡಲಿಲ್ಲ ಅಂದುಕೊಂಡಳು. "ತಪ್ಪು ನಂದೇ ಕಣಮ್ಮ. ಕೂತ್ಕೋ, ಕಚೇರಿ ಮುಚ್ಚೋದರೊಳಗೆ ಕೊಡ್ತೀನಿ" ಅಂದಳು.

ಮತ್ತೆ ಸ್ಟೂಲು, ಮತ್ತೆ ಬಿಳಿ ಬಟ್ಟೆ. ತಾಯಿ ಮುಚ್ಚಿಕೊಂಡದ್ದೇ ಮಗು ಇನ್ನೂ ಜೋರಾಗಿ ಅತ್ತಿತು. ಆಗ ಬಟ್ಟೆಯೊಳಗಿನಿಂದ ತಾಯಿ ಮಾತಾಡತೊಡಗಿದಳು. ಹಡಗಿನ ಕಥೆ, ಹಡಗಿನಲ್ಲಿ ಅಪ್ಪ ಈರುಳ್ಳಿ ಹೆಚ್ಚುತ್ತಾ ಅಳುವ ಕಥೆ. ಮಗು ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಗಿ ಕ್ಯಾಮೆರಾ ಕಡೆ ಕಣ್ಣು ಬಿಟ್ಟಿತು. ಅಕ್ಕ ತೆಗೆದಳು. ಒಂದು ಬೆರಳಿಲ್ಲ, ಒಂದು ನೆರಳಿಲ್ಲ. ಕಚೇರಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಏನೂ ಸಿಗುವಂತಿರಲಿಲ್ಲ.

ಉಸಿರು ಬಿಟ್ಟು ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನು ಕನ್ನಡಿಗೆ ತಾಗಿ ಬಾಚಣಿಗೆ ತೂಗಾಡಿತು. ಇಷ್ಟು ವರ್ಷದಲ್ಲಿ ಕ್ಯಾಮೆರಾ ಹಿಡಿದು ಅವಳು ಅಲ್ಲಿ ನಿಂತದ್ದೇ ಇಲ್ಲ. ಅಲ್ಲಿಂದ ಎಲ್ಲವೂ ಕಂಡಿತು. ಒಂದು ಬಿಳಿ ಗುಡ್ಡೆ, ಅದರ ಕೆಳಗೆ ಎರಡು ಕಾಲು, ಬೆಳಿಗ್ಗೆಯಿಂದ ನಿಂತು ಬಾತುಹೋದ ಪಾದಗಳು, ಅತ್ತ ಒಂದು ಇತ್ತ ಒಂದು ಬಿದ್ದ ಚಪ್ಪಲಿ. ಬಟ್ಟೆಯ ಕೆಳಗಿಂದ ಬಂದ ಎರಡು ಕೈ. ಒಳಗಿನ ದನಿ ಇನ್ನೂ ಈರುಳ್ಳಿ ಹೆಚ್ಚುತ್ತಲೇ ಇತ್ತು. ಮಗು ಆ ದನಿ ಎಲ್ಲಿಂದ ಬರುತ್ತಿದೆ ಅಂತ ತಲೆ ಎತ್ತಿ ಹುಡುಕಿತು. ಹುಡುಕಿ, ತಿರುಗಿ, ತನ್ನ ಕಡೆಗೆ ಬಗ್ಗಿದ್ದ ಬಟ್ಟೆಯೊಳಗಿನ ಮುಖ ಎಲ್ಲಿತ್ತೋ ಸರಿಯಾಗಿ ಅಲ್ಲಿಗೆ ತನ್ನ ಕೆನ್ನೆ ಒತ್ತಿತು.

ಮುಖ ಕಾಣುತ್ತಿರಲಿಲ್ಲ. ತಾಯಿಯದೂ ಇಲ್ಲ, ಮಗುವಿನದೂ ಇಲ್ಲ. ಮಗುವಿನ ಒಂದೇ ಒಂದು ಕಿವಿ ಕಾಣುತ್ತಿತ್ತು.

ಅಕ್ಕನ ನಾಲಿಗೆಯ ತುದಿಗೆ ಹಳೆಯ ಮಾತು ಬಂತು. ಅವಳು ತುಟಿ ಕಚ್ಚಿ ಹಿಡಿದಳು. ಮಧ್ಯಕ್ಕೆ ಸರಿಯಲಿಲ್ಲ, ಚಪ್ಪಲಿ ಎತ್ತಿಡಲಿಲ್ಲ. ಗುಂಡಿ ಒತ್ತಿದಳು. 

ಬಟ್ಟೆ ತೆಗೆದ ಮೇಲೆ ಕ್ಯಾಮೆರಾ ತೋರಿಸಿ, "ಇದೊಂದು ಬೇರೆ ತೆಗೆದೆ ಕಣಮ್ಮ. ಕಾಲೇಜಿನಲ್ಲಿ ಮೇಡಂಗೆ ತೋರಿಸ್ಲಾ? ಗೋಡೆಗೆ ಹಾಕಿದ್ರೂ ಹಾಕಬಹುದು. ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ" ಅಂದಳು. ತಾಯಿಗೆ ಕಚೇರಿ ಮುಚ್ಚುವ ಚಿಂತೆ. ಬೆವರು ಒರೆಸಿಕೊಳ್ಳುತ್ತಾ ಅರ್ಧಂಬರ್ಧ ನೋಡಿ, "ನಾನು ಕಾಣ್ತಾನೇ ಇಲ್ವಲ್ಲ, ಹಾಕ್ಕೊಳ್ಳಿ ಬಿಡಿ" ಅಂದಳು. ಎಲ್ಲಿ, ಯಾವಾಗ ಅಂತ ಅಕ್ಕ ಒಂದು ಚೀಟಿಯ ಮೇಲೆ ಬರೆದು ಅವಳ ಚೀಲಕ್ಕೆ ಹಾಕಿದಳು.

ಸಂಜೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಡಿಯ ಮುಂದೆ ಇನ್ನೂ ಗಿರಾಕಿ ತಲೆ ಬಾಚುತ್ತಿರುವಾಗಲೇ "ನಾಳೆ ಬನ್ನಿ, ನಾಳೆ ಇನ್ನೂ ಚೆನ್ನಾಗಿ ಬರ್ತೀರಿ" ಅಂತ ಎಬ್ಬಿಸಿ ಶಟರ್ ಎಳೆದಳು. ತರಗತಿಯಲ್ಲಿ ಅವಳ ಸರದಿ ಬರುವ ತನಕ ಸೊಸೆಯ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳು.

ಫೋಟೊ ಪರದೆಯ ಮೇಲೆ ಬಂತು. ನಗಲು ಸಿದ್ಧವಾಗಿದ್ದ ಹಿಂದಿನ ಬೆಂಚು ಮುಂದಕ್ಕೆ ಬಾಗಿತು. ಮೇಡಂ ಎದ್ದು ಪರದೆಯ ಹತ್ತಿರ ಹೋದಳು, ವಾಪಸ್ ಬಂದಳು, ಮತ್ತೆ ಹತ್ತಿರ ಹೋದಳು.

"ಎಲ್ಲಿ ತೆಗೆದದ್ದು ಅಕ್ಕ?"

"ನನ್ನ ಸ್ಟೂಲ್ ಮೇಲೆ."

"ಇವರನ್ನ ಒಂದು ಕಡೆಗೆ ಬಿಟ್ಟಿದ್ದೀರಿ. ಬಲಗಡೆ ಇಷ್ಟು ಜಾಗ ಯಾಕೆ?"

"ಅಲ್ಲಿ ಅವಳ ಒಂದು ಚಪ್ಪಲಿ ಬಿದ್ದಿತ್ತು ಮೇಡಂ. ಬಿಡೋಕೆ ಮನಸ್ಸಾಗ್ಲಿಲ್ಲ."

ಮೇಡಂ ತರಗತಿಯ ಕಡೆ ತಿರುಗಿ, "ನಾನು ನಿಂತೆ" ಅಂದಳು. ಸೊಸೆ ಬೆಂಚು ಗುದ್ದಿದಳು, ಆಮೇಲೆ ಎಲ್ಲರೂ ಗುದ್ದಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಧೂಳು ಕಣೆ ಅಂದಳು. ಯಾರೂ ನಂಬಲಿಲ್ಲ.

ಪ್ರದರ್ಶನದ ದಿನ ಲೈಬ್ರರಿಯ ಗೋಡೆಯ ಮೇಲೆ, ಕಿಟಕಿಯ ಬೆಳಕು ಬೀಳುವ ಕಡೆ, ಕಾಲೇಜಿನವರೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಫೋಟೊ. ಮೊಳೆ ಹೊಡೆದವಳು ಮೇಡಂ. ಅಕ್ಕ ಬೇಕಂತಲೇ ದೂರ ನಿಂತು ನೋಡಿದ್ದಳು. ತಮ್ಮ ಟೈಲ್ಸ್ ಅಂಗಡಿ ಬಿಟ್ಟು ಬಂದು, ಬಹಳ ಹೊತ್ತು ನೋಡಿ, "ಮಧ್ಯದಲ್ಲಿಲ್ವಲ್ಲೇ ಅಕ್ಕ" ಅಂದ. "ನೀನು ಸುಮ್ನೆ ಟೈಲ್ಸ್ ನೋಡ್ಕೋ" ಅಂದಳು ಅಕ್ಕ. ಒಳಗೊಳಗೇ ಸಂತೋಷ ಉಕ್ಕಿ ಬರುತ್ತಿತ್ತು.

ಸಾಯಂಕಾಲ ಬಾಗಿಲು ಹಾಕುವ ಹೊತ್ತಿಗೆ ಆ ತಾಯಿ ಬಂದಳು. ಮಗುವಿನ ಪಾಸ್‌ಪೋರ್ಟ್ ಆಗಿತ್ತು, ನಾಳೆ ಪ್ರಯಾಣ. ಚೀಟಿ ಚೀಲದಲ್ಲಿ ಸಿಕ್ಕಿತಂತೆ. ಫೋಟೊದ ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟಳು. ಪಕ್ಕದಲ್ಲಿ ನೋಡುತ್ತಿದ್ದ ಒಬ್ಬ ಹುಡುಗಿಗೆ, "ಇದು ನಾನು" ಅಂದಳು. ಹುಡುಗಿ ಅವಳ ಪಾದ ನೋಡಿದಳು, ಮಗುವನ್ನು ನೋಡಿದಳು, ಹೌದು ಅಂತ ತಲೆಯಾಡಿಸಿದಳು.

ಅಕ್ಕ ಹತ್ತಿರ ಹೋದಳು.

"ಇವಳದ್ದು ದಿನಾ ಫೋಟೊ ತೆಗೆದು ಅವರಿಗೆ ಕಳಿಸ್ತೀನಿ ಅಕ್ಕ" ಅಂದಳು ತಾಯಿ, ಫೋಟೊದಿಂದ ಕಣ್ಣು ಕೀಳದೆ. "ಒಂದರಲ್ಲೂ ನಾನಿಲ್ಲ. ತೆಗೆಯೋಳು ನಾನೇ ಅಲ್ವಾ, ಎಲ್ಲಿಂದ ಬರ್ಲಿ? ಇದ್ರಲ್ಲಿ ಇದ್ದೀನಿ. ನಂಗೂ ಒಂದು ಮಾಡ್ಕೊಡ್ತೀರಾ?"

"ಯಾಕೆ ಮಾಡ್ಕೊಡಲ್ಲ. ಯಾವ ಸೈಜು?" ಅಂದಳು ಅಕ್ಕ. ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ, ತನ್ನಷ್ಟಕ್ಕೆ ತಾನೇ ಬಂದಿತ್ತು.

"ಗೋಡೆಗೆ ಹಾಕೋ ಸೈಜು. ನಮ್ಮನೇಲಿ ಬಾಗಿಲು ತೆಗೆದ ಕೂಡ್ಲೇ ಕಾಣೋ ಗೋಡೆ ಒಂದಿದೆ."

ಅಕ್ಕ ಮಗುವಿನ ಕಿವಿ ಮುಟ್ಟಿ, ಬೆಳಿಗ್ಗೆ ಹೊರಡುವ ಮುಂಚೆ ಬಾ, ಕೊಡ್ತೀನಿ ಅಂದಳು. ಆಮೇಲೆ ಕಾಲೇಜಿನ ಮೆಟ್ಟಿಲು ಇಳಿಯುವಾಗ ನೆನಪಾಯಿತು. ಅಷ್ಟು ದೊಡ್ಡ ಕಾಗದ ಅವಳ ಸ್ಟುಡಿಯೋದಲ್ಲಿ ಇರಲಿಲ್ಲ. ತಮ್ಮ ಕ್ಯಾಮೆರಾ ಬಿಟ್ಟ ಮೇಲೆ ತರಿಸಿಯೇ ಇರಲಿಲ್ಲ. ಫೋಟೊ ಕಾಗದದ ಅಂಗಡಿ ಮುಚ್ಚುವುದರೊಳಗೆ ತರಬೇಕು ಅಂತ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಓಡತೊಡಗಿದಳು.